ಶೀಲಾವತಿಯ ಎರಡನೇ ಸುತ್ತು

ಮುಂಬಯಿಯ ವಡಾಲದ ತಮ್ಮದೇ ಊಟದ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತೆರಡು ವರ್ಷ ಕುಳಿತ ಶೀಲಾವತಿಗೆ ವ್ಯಾಪಾರ ಕಲಿಸಲು ಯೂನಿವರ್ಸಿಟಿ ಯಾಕೆ ಬೇಕು ಎಂದು ನೆಂಟರೆಲ್ಲ ಕೇಳಿದರು. ಕೇಳಲಿ ಬಿಡಿ, ಕೇಳುವುದಕ್ಕೇನು ಖರ್ಚಿದೆ? ಮದುವೆಯ ಗಡಿಬಿಡಿಯಲ್ಲಿ ಬಿ.ಕಾಂ. ಅರ್ಧಕ್ಕೆ ಬಿಟ್ಟವಳು, ನಲವತ್ತು ದಾಟಿದ ಮೇಲೆ ಅದನ್ನು ದೂರಶಿಕ್ಷಣದಲ್ಲಿ ಮುಗಿಸಿ, ಈಗ ವಿಲೆ ಪಾರ್ಲೆಯ ಕಾಲೇಜಿನಲ್ಲಿ ಎಂ.ಬಿ.ಎ.ಗೆ ಸೇರಿದ್ದಳು. "ನೀನು ಹೋಗು ಮಾರಾಯ್ತಿ, ಗಲ್ಲಾ ನಾನು ನೋಡ್ತೇನೆ" ಎಂದು ಗಂಡ ಸುಕೇಶ್ ಹೇಳಿದ್ದೇ ತಡ, ಮರುದಿನದಿಂದಲೇ ಅಂಧೇರಿ ಲೋಕಲ್ ಹತ್ತಿದಳು. ಕ್ಲಾಸಿನ ಮಕ್ಕಳೆಲ್ಲ ಅವಳನ್ನು ಆಂಟಿ ಎನ್ನುತ್ತಿದ್ದರು.

ಕೊನೆಯ ಸೆಮಿಸ್ಟರಿನಲ್ಲಿ ಒಂದು ವಿಷಯವಿತ್ತು: ಬೇರೆ ಬೇರೆ ದೇಶದವರ ರೀತಿನೀತಿ ಅರಿತು ಉದ್ಯಮ ಕಟ್ಟುವುದು ಹೇಗೆ ಎಂಬುದು. ಪರೀಕ್ಷೆಯೆಂದರೆ ಬರೆಯುವುದಲ್ಲ, ಮಾತಾಡುವುದು. ಫಿನ್‌ಲ್ಯಾಂಡಿನ ವಿದ್ಯಾರ್ಥಿಗಳು ಅಂಗಡಿಯವರ ಪಾತ್ರದಲ್ಲಿ ಪರದೆಯ ಮೇಲೆ ಬರುತ್ತಾರೆ, ಇಲ್ಲಿಯವರು ಅವರನ್ನು ಸರಕು ಕೊಳ್ಳಲು ಒಪ್ಪಿಸಬೇಕು. ಶೀಲಾವತಿ ಮತ್ತು ಅವಳ ಜೊತೆಗಾರ ಅಮೋಲ್ ಆರಿಸಿಕೊಂಡದ್ದು ಹಲಸಿನ ಹಪ್ಪಳ. ಹಪ್ಪಳದ ವಿಷಯದಲ್ಲಿ ತನ್ನನ್ನು ಯಾರು ಸೋಲಿಸುತ್ತಾರೆ ಎಂಬ ಧೈರ್ಯ ಅವಳದು.

ಆ ಧೈರ್ಯವೇ ಕೈಕೊಟ್ಟಿತು. ದೊಡ್ಡ ಪ್ಯಾಕೆಟ್ ತೋರಿಸಿದಾಗ ಆಚೆಯ ಹುಡುಗಿ "ಬೇಡ, ಥ್ಯಾಂಕ್ಯೂ" ಅಂದಳು. ಉಡುಪಿ ಕಡೆಯ ಊಟದ ಪಂಕ್ತಿಯಲ್ಲಿ ಮೊದಲ "ಬೇಡ" ಬರೀ ಸಂಕೋಚ. ಅದನ್ನು ನಂಬಿ ಮುಂದಿನ ಎಲೆಗೆ ಹೋದರೆ ಬಡಿಸುವವರಿಗೇ ಮರ್ಯಾದೆ ಇಲ್ಲ. ಶೀಲಾವತಿ ನಗುನಗುತ್ತ ಮತ್ತೆ ಕೇಳಿದಳು. ಇನ್ನೊಂದು "ಬೇಡ" ಬಂತು. ಖಾರದ್ದೂ ಇದೆ, ನೋಡಿ ಅಂದಳು. ಮೂರನೆಯ ಸಲ ಒತ್ತಾಯ ಮಾಡುವಷ್ಟರಲ್ಲಿ ಪರದೆ ಕಪ್ಪಾಗಿತ್ತು.

ಆ ವಿಷಯ ಕಲಿಸುವ ಶುಭಾಂಗಿ ಮೇಡಂ ಇನ್ನೊಂದು ಸುತ್ತು ಕೊಡಿಸಿದರು, ಗುರುವಾರಕ್ಕೆ. ಅದರಲ್ಲೂ ಒಪ್ಪಂದವಾಗದಿದ್ದರೆ ವಿಷಯ ಫೇಲ್, ಡಿಗ್ರಿ ಒಂದು ವರ್ಷ ಮುಂದಕ್ಕೆ. ಇನ್ನೊಂದು ವರ್ಷ ಬಾ ಎಂದರೆ ತಾನು ಬರುವವಳಲ್ಲ ಎಂದು ಶೀಲಾವತಿಗೆ ಗೊತ್ತಿತ್ತು. ಒಮ್ಮೆ ಅರ್ಧಕ್ಕೆ ಬಿಟ್ಟವಳಿಗೆ ಬಿಡುವುದು ಎಷ್ಟು ಸುಲಭ ಎಂಬುದೂ ಗೊತ್ತಿತ್ತು. ಅದೇ ಅವಳ ಹೆದರಿಕೆ.

ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಬಡಿಸುತ್ತಿದ್ದ ಕೊರಗಪ್ಪನನ್ನು ಕೇಳಿದಳು. "ಕೊರಗಪ್ಪಣ್ಣ, ನಿಜವಾಗಿ ಬೇಡ ಅನ್ನುವವರು ಯಾರು ಅಂತ ನಿಮಗೆ ಹೇಗೆ ಗೊತ್ತಾಗ್ತದೆ?"

"ನಮ್ಮವರದ್ದು ಕೈ ನೋಡ್ಬೇಕು ಅಕ್ಕ. ಕೈ ತಟ್ಟೆಗೆ ಅಡ್ಡ ಬಂದ್ರೆ ಮಾತ್ರ ಬೇಡ. ಆದ್ರೆ ಕೆಲವು ಗಿರಾಕಿಗಳಿದ್ದಾರೆ, ಒಂದೇ ಸಲ ಹೇಳೂದು. ಅವರ ಹತ್ರ ಎರಡನೇ ಸಲ ಕೇಳಿದ್ರೆ ಎದ್ದೇ ಹೋಗ್ತಾರೆ."

"ಮತ್ತೆ ನೀವು ಏನು ಮಾಡ್ತೀರಿ?"

"ಏನು ಬೇಕು ಅಂತ ಕೇಳೂದು, ಸೌಟು ಹಿಡ್ಕೊಂಡು ಸುಮ್ಮನೆ ನಿಲ್ಲೂದು. ಅವರೇ ಹೇಳ್ತಾರೆ. ಸುಮ್ಮನೆ ನಿಲ್ಲೂದೇ ಕಷ್ಟ ಮಾರಾಯ್ರೆ!"

ಗುರುವಾರ ಪರದೆಯ ಮೇಲೆ ಅದೇ ಹುಡುಗಿ. ಮುಖ ಬಿಗಿದಿತ್ತು. "ಕಳೆದ ಸಲ ನಿಮ್ಮ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ, ತಪ್ಪು ನನ್ನದು" ಎಂದು ಶೀಲಾವತಿ ನೇರವಾಗಿ ಹೇಳಿದಳು. "ನಿಮಗೆ ಏನು ಬೇಕು?" ಅಷ್ಟು ಕೇಳಿ ಬಾಯಿ ಮುಚ್ಚಿದಳು. ಅಮೋಲ್ ಏನೋ ಹೇಳಹೊರಟ, ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅವಳ ನಾಲಿಗೆ ತುರಿಸುತ್ತಿತ್ತು, ಖಾರದ ಹಪ್ಪಳದ ಮಾತು ತುಟಿಯವರೆಗೆ ಬಂದು ನಿಂತಿತ್ತು. ಕೊನೆಗೆ ಹುಡುಗಿಯೇ ಬಾಯಿಬಿಟ್ಟಳು: ಸಣ್ಣ ಪ್ಯಾಕೆಟ್ ಸಾಕು, ಮೊದಲು ಆರು ತಿಂಗಳು ನೋಡೋಣ. ಆದರೆ ನಮ್ಮ ದೇಶದಲ್ಲಿ ನಮ್ಮನ್ನು ಬಿಟ್ಟು ಬೇರೆ ಯಾರಿಗೂ ಮಾರಬಾರದು.

ಅಮೋಲ್ ಆಗಲೇ ತಲೆಯಾಡಿಸಿದ್ದ. ಹೂಂ ಅಂದಿದ್ದರೆ ಪಾಸ್. ಆದರೆ ಆರು ತಿಂಗಳ ಸಣ್ಣ ಪ್ಯಾಕೆಟ್ಟಿಗೆ ಇಡೀ ದೇಶ ಬಿಟ್ಟುಕೊಡುವುದು ಗಲ್ಲಾದಲ್ಲಿ ಕುಳಿತವಳಿಗೆ ನಷ್ಟದ ಲೆಕ್ಕ.

"ಬೇಡ" ಅಂದಳು ಶೀಲಾವತಿ.

ಒಂದೇ ಸಲ. ಕಾರಣ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ, ನಗಲೂ ಇಲ್ಲ. ಅತ್ತೆಗಾಗಲಿ ನೆಂಟರಿಗಾಗಲಿ ಗಿರಾಕಿಗಾಗಲಿ ಜನ್ಮದಲ್ಲಿ ಹಾಗೆ ಹೇಳಿದವಳಲ್ಲ. ಆಚೆಯವರು ಮೈಕ್ ಬಂದ್ ಮಾಡಿ ತಮ್ಮೊಳಗೇ ಮಾತಾಡಿಕೊಂಡರು. ಮತ್ತೆ ಬಂದಾಗ ಹುಡುಗಿಯ ಮುಖ ಸಡಿಲಾಗಿತ್ತು. ಇಡೀ ದೇಶ ಬೇಡ, ನಮ್ಮ ಒಂದು ಊರು ಸಾಕು ಅಂದಳು. ಶೀಲಾವತಿ ಒಪ್ಪಿದಳು.

ಶುಭಾಂಗಿ ಮೇಡಂ ಎದ್ದು ಬಂದು ಕೈ ಕುಲುಕಿದರು. ಕಾರಿಡಾರಿನಲ್ಲಿ ಅಮೋಲ್‌ಗೆ ಇನ್ನೂ ಬೆವರು ಆರಿರಲಿಲ್ಲ. "ಆಂಟಿ, ಅವರು ಎದ್ದು ಹೋಗಿದ್ರೆ?" ಎಂದು ಹಿಂದಿಯಲ್ಲಿ ಕೇಳಿದ.

"ನಾನು ಫೇಲ್ ಆಗ್ತಿದ್ದೆ" ಎಂದು ಶೀಲಾವತಿಯೂ ಹಿಂದಿಯಲ್ಲೇ ಹೇಳಿದಳು. "ಫೇಲ್ ಆದ್ರೆ ಮುಂದಿನ ವರ್ಷ ಮತ್ತೆ ಬರ್ತಿದ್ದೆ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾಗಿ ನಿಂತಳು. ಅದು ನಿಜವಾಗಿತ್ತು.