ಹುಚ್ಚುನಾಯಿಯ ಪಾತ್ರ ಮಾಡಿದ ರಾಜಾ

1998ರಲ್ಲಿ ನಾನು ಗೋಕಾಕದಲ್ಲಿ ಪಶುವೈದ್ಯನಾಗಿದ್ದೆ. ಆ ಬೇಸಿಗೆಯಲ್ಲಿ ಕೊಣ್ಣೂರ ಬಳಿಯ ಕಬ್ಬಿನ ಹೊಲವೊಂದರಲ್ಲಿ ಸಣ್ಣ ಬಜೆಟ್ಟಿನ ಸಿನಿಮಾದ ಶೂಟಿಂಗ್ ನಡೆದಿತ್ತು. ಹುಚ್ಚುನಾಯಿಯೊಂದು ಊರವರನ್ನು ಒಬ್ಬೊಬ್ಬರಾಗಿ ಕೊಲ್ಲುವ ಕಥೆ. ಪಳಗಿಸಿದ ನಾಯಿಯನ್ನು ಹೊರಗಿನಿಂದ ತರಿಸುವ ಶಕ್ತಿ ಆ ತಂಡಕ್ಕಿರಲಿಲ್ಲ. ಹೀಗಾಗಿ ಹೊಲದ ಮಾಲೀಕ ಬಾಬು ಕಾಕಾ ಸಾಕಿದ್ದ ಮುಧೋಳ ತಳಿಯ ನಾಯಿ ರಾಜಾನೇ ಖಳನಾಯಕ.

ಒಂದು ಮಧ್ಯಾಹ್ನ ಅಲ್ಲಿಂದ ಕರೆ ಬಂತು. ನಾನು ಹೋಗುವಷ್ಟರಲ್ಲಿ ಜನ ಬಡಿಗೆ ಹಿಡಿದು ನಿಂತಿದ್ದರು. ಬೇವಿನ ಮರಕ್ಕೆ ಕಟ್ಟಿದ್ದ ರಾಜಾನ ಬಾಯಲ್ಲಿ ನೊರೆ, ಕಾಲುಗಳಲ್ಲಿ ತೂರಾಟ. ಹಿಡಿಯಲು ಹೋದ ಲೈಟ್‌ಮನ್‌ನ ಕೈಗೆ ಅದರ ಹಲ್ಲು ತಾಗಿತ್ತು. ನಾಯಿಗೆ ರೇಬೀಸ್ ಲಸಿಕೆ ಹಾಕಿಸಿರಲಿಲ್ಲ.

"ಡಾಕ್ಟರ್ರ, ಹುಚ್ಚ ಹಿಡದೈತಿ. ಸೂಜಿ ಹಾಕಿ ಮುಗಸಿಬಿಡ್ರಿ," ಎಂದರು ಸಿನಿಮಾದ ಮ್ಯಾನೇಜರ್.

ಬಾಬು ಕಾಕಾ ನನ್ನ ಮುಂದೆ ಬಂದು ನಿಂತರು. "ಮುಂಜಾನಿ ನನ್ನ ಕೈಯಾಗ ರೊಟ್ಟಿ ತಿಂದಾನ್ರಿ. ಇಷ್ಟರಾಗ ಏನಾತ್ರಿ?"

ಲಕ್ಷಣಗಳೆಲ್ಲ ರೇಬೀಸನ್ನೇ ಹೇಳುತ್ತಿದ್ದವು. ಜನರ ಗದ್ದಲವೂ ಏರುತ್ತಿತ್ತು. ಕಾಕಾ ಕಣ್ಣೊರೆಸಿಕೊಂಡು ಒಪ್ಪಿದರು. ನಾನು ಸಿರಿಂಜಿಗೆ ಔಷಧ ಎಳೆದುಕೊಂಡೆ.

ಆಗ ಮೇಕಪ್ ಮಾಡುವ ಶಾಂತಕ್ಕ ಗುಂಪನ್ನು ಸರಿಸಿಕೊಂಡು ಬಂದರು. ಮೂಡಲಗಿಯ ಅವರು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದವರು. ಇದೇ ಅವರ ಮೊದಲ ಸಿನಿಮಾ.

"ಸಾಹೇಬ್ರ, ಸೂಜಿ ಹಾಕಬ್ಯಾಡ್ರಿ. ಆ ನೊರಿ ನಾನ ಹಚ್ಚೇನಿ. ಸಾಬಾಣ ಪುಡಿ ಕಲಸಿದ್ದು, ನೆಕ್ಕಿಬಿಟ್ಟೈತಿ. ಸಾಯೂ ಸೀನಿನ್ಯಾಗ ಸುಮ್ನ ಮಲಗ್ಲಿ ಅಂತ ನಿದ್ದಿ ಗುಳಿಗಿನೂ ತಿನಿಸ್ಯಾರ. ನಾ ಕಣ್ಣಾರೆ ನೋಡೇನಿ."

ಮ್ಯಾನೇಜರ್ ಮುಖ ಕೆಂಪಾಯಿತು. "ನಾಳಿಂದ ನೀವು ಬರೂದ ಬ್ಯಾಡ."

"ಆತ್ರಿ," ಎಂದವರೇ ಶಾಂತಕ್ಕ ನನ್ನತ್ತ ತಿರುಗಿ, "ನಾ ಏನ್ ಹಿಡೀಬೇಕು ಹೇಳ್ರಿ," ಎಂದರು.

ಸಿರಿಂಜನ್ನು ಚೀಲಕ್ಕೆ ಹಾಕಿದೆ. ಆದರೂ ಅನುಮಾನ ಉಳಿದಿತ್ತು. ಅದು ನಿಜಕ್ಕೂ ರೇಬೀಸ್ ಆಗಿದ್ದರೆ? ಲೈಟ್‌ಮನ್‌ನನ್ನು ಕೂಡಲೇ ಚುಚ್ಚುಮದ್ದಿಗೆ ಕಳಿಸಿದೆ. ಕೈಗವಸು ಹಾಕಿಕೊಂಡು, ನಾಯಿಯ ಬಾಯಿ ತೊಳೆದು ಸಲೈನ್ ಏರಿಸಿದೆ. ಆ ಬಾಟಲಿಯನ್ನು ಶಾಂತಕ್ಕ ಬಿಸಿಲಲ್ಲಿ ಎತ್ತಿ ಹಿಡಿದೇ ನಿಂತರು. ಸಂಜೆ ರಾಜಾ ತಲೆಯೆತ್ತಿತು. ಕಾಕಾರ ದನಿಗೆ ನಿಧಾನವಾಗಿ ಬಾಲ ಅಲ್ಲಾಡಿಸಿತು.

ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬ ನಿಯಮದಂತೆ ಅದನ್ನು ಆಸ್ಪತ್ರೆಯಲ್ಲೇ ಕಟ್ಟಿ ನೋಡಿಕೊಂಡೆ; ರೇಬೀಸಿನ ಲಕ್ಷಣವೇನೂ ಕಾಣಲಿಲ್ಲ. ಹನ್ನೊಂದನೆಯ ದಿನ ಅದು ಕಾಕಾರನ್ನು ಎಳೆದುಕೊಂಡೇ ಗೇಟು ದಾಟಿತು. ಸಿನಿಮಾದವರು ಸಾಯುವ ದೃಶ್ಯಕ್ಕೆ ಗೋಣಿಚೀಲದ ನಾಯಿ ಹೊಲಿಸಿಕೊಂಡರಂತೆ.

ರೋಗಿಯೇ ಮಾತಾಡದ ವೃತ್ತಿ ನಮ್ಮದು. ಪಕ್ಕದಲ್ಲಿ ನಿಂತವರನ್ನು ಕೇಳದೆ ಸೂಜಿ ಎತ್ತಬಾರದೆಂದು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಹೊಲದಲ್ಲಿ. ನನ್ನ ಕೈಯಿಂದ ಆಗಲಿದ್ದ ಒಂದು ಕೊಲೆಯನ್ನು ತಪ್ಪಿಸಿದ್ದಕ್ಕೆ ಕೃತಜ್ಞತೆ ಹೇಳಲೆಂದು ಮೂಡಲಗಿಗೆ ಹೋದಾಗ ಶಾಂತಕ್ಕ ಯಾರಿಗೋ ಮೀಸೆ ಅಂಟಿಸುತ್ತಿದ್ದರು. ಕೆಲಸ ಹೋದದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದೆ.

ಅವರು ನಕ್ಕರು. "ನಾಯಿಗಿ ಹೇಳಾಕ ಬರೂದಿಲ್ಲ. ನನಗ ಬರ್ತಿತ್ತಲ್ರಿ, ಸಾಹೇಬ್ರ."