ಒಬ್ಬೊಬ್ಬರಿಗೆ ಒಂದೊಂದು ತಾರೀಖು

ನನ್ನ ತಮ್ಮನನ್ನು ಆಫೀಸಿನಲ್ಲಿ ಎಲ್ಲರೂ ಜ್ಞಾಪಕದಣ್ಣ ಎಂದೇ ಕರೆಯುತ್ತಿದ್ದರು. ಕಟ್ಟಡ ಕಟ್ಟಿಸುವ ಕಂಪನಿ ಅದು. ನನ್ನ ಯಜಮಾನರು ತೀರಿಕೊಂಡ ಮೇಲೆ ಅಲ್ಲಿ ನನಗೆ ಚಹಾ ಮಾಡುವ ಕೆಲಸ ಕೊಡಿಸಿದವನು ಅವನೇ. ಹಾಗಾಗಿ ಇದೆಲ್ಲ ನಾನು ಕಣ್ಣಾರೆ ಕಂಡದ್ದು.

ಯಾವ ಕೆಲಸ ಯಾವ ದಿನಕ್ಕೆ ಮುಗಿಯಬೇಕು, ಅದಕ್ಕೆ ಇಟ್ಟ ದುಡ್ಡು ಎಷ್ಟು ಉಳಿದಿದೆ ಎಂದು ಮೇಜಿನಿಂದ ಮೇಜಿಗೆ ಹೋಗಿ ಜ್ಞಾಪಿಸುವುದು ಅವನ ಕೆಲಸ. ಆದರೆ ಎಲ್ಲರಿಗೂ ಒಂದೇ ತಾರೀಖು ಹೇಳುತ್ತಿರಲಿಲ್ಲ. ಚಾವಣಿಗೆ ಇಪ್ಪತ್ತೈದು ಕೊನೆಯ ದಿನ ಎಂದಿಟ್ಟುಕೊಳ್ಳಿ, ಸ್ಟೋರಿನವನಿಗೆ ಹದಿನೈದು ಎನ್ನುವನು, ಎಂಜಿನಿಯರಿಗೆ ಇಪ್ಪತ್ತು ಎನ್ನುವನು, ಮೇಸ್ತ್ರಿಗೆ ಮಾತ್ರ ನಿಜ. ದುಡ್ಡೂ ಹಾಗೆಯೇ. ನೂರರಲ್ಲಿ ಮೂವತ್ತು ಉಳಿದಿದ್ದರೆ, ಹತ್ತೇ ಇದೆ ಎಂದು ಸಪ್ಪೆ ಮುಖ ಮಾಡಿ ನಿಲ್ಲುವನು. ಎಲ್ಲ ಕಿವಿಯ ಹತ್ತಿರ, ಮೆತ್ತಗೆ.

"ಸ್ಟೋರಿನವನದು ಎಮ್ಮೆ ಚರ್ಮ ಅಕ್ಕಾ, ಹತ್ತು ದಿನ ಮೊದಲೇ ತಿವೀಬೇಕು. ಮೇಸ್ತ್ರಿ ಪಾಪ, ಬೇಗ ಹೇಳಿದ್ರೆ ಊಟ ಬಿಟ್ಬಿಡ್ತಾನೆ" ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷ ಒಂದು ಕೆಲಸವೂ ತಡವಾಗಲಿಲ್ಲ.

ಆಮೇಲೆ ಹೊಸ ಮ್ಯಾನೇಜರಮ್ಮ ಬಂದರು. "ಇನ್ಮೇಲೆ ಕಂಪ್ಯೂಟರೇ ಎಲ್ಲರ ಫೋನಿಗೂ ಎಚ್ಚರಿಕೆ ಕಳಿಸುತ್ತೆ. ತಾರೀಖು, ಬಜೆಟ್ಟು ಎಲ್ಲ ನೀವೇ ತುಂಬಿ. ಸರಿ ಹೋದ್ರೆ ಅದನ್ನ ನೋಡ್ಕೊಳ್ಳೋಕೆ ನಿಮ್ಮನ್ನೇ ಇಟ್ಕೋತೀವಿ. ಇಲ್ಲಾಂದ್ರೆ ತಿಂಗಳ ಕೊನೆಗೆ ನಿಮ್ಮ ಜಾಗ ಇರಲ್ಲ" ಎಂದು ತಮ್ಮನಿಗೆ ಹೇಳಿದರು.

ಅವನಿಗೆ ಆಗ ಐವತ್ತನಾಲ್ಕು. ಬೇರೆ ಯಾರು ಕೆಲಸ ಕೊಡುತ್ತಾರೆ? ಹದಿನೈದು ದಿನ ಒಂದೇ ಬೆರಳಿನಲ್ಲಿ ಕುಟ್ಟಿದ. ನಾನಿಟ್ಟ ಚಹಾ ಕೆನೆಗಟ್ಟುತ್ತಿತ್ತು. ಒಂದು ದಿನ ಮುಖ ಅರಳಿಸಿಕೊಂಡು ಬಂದ. "ಅಕ್ಕಾ, ಒಬ್ಬೊಬ್ಬರಿಗೂ ಬೇರೆ ತಾರೀಖು ಹಾಕೋಕೆ ಅದರಲ್ಲಿ ಜಾಗ ಇದೆ! ಮಷೀನಿಗೂ ಬುದ್ಧಿ ಇದೆ ಬಿಡು." ತಾನು ಹೇಳುತ್ತಿದ್ದ ಹಾಗೆಯೇ ತುಂಬಿದ.

ಅವನು ಒಬ್ಬೊಬ್ಬರ ಬಳಿಗೇ ಹೋಗುತ್ತಿದ್ದವನು. ಮಷೀನು ಹಾಗಲ್ಲ. ಸೋಮವಾರ ಹತ್ತು ಗಂಟೆಗೆ, ಎಲ್ಲರೂ ನನ್ನ ಚಹಾಕ್ಕೆ ಸೇರಿದ್ದಾಗ, ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು.

"ಏನ್ ಸಾರ್, ಚಾವಣಿಗೆ ನನಗೆ ಹದಿನೈದು, ನಿಮಗೆ ಇಪ್ಪತ್ತಾ?" ಎಂದ ಸ್ಟೋರಿನವನು, ಎಂಜಿನಿಯರ ಫೋನಿಗೆ ಇಣುಕಿ.

"ನನಗೆ ಇಪ್ಪತ್ತೈದು ಅಂತ ಬಂದಿದೆಯಪ್ಪ" ಎಂದ ಮೇಸ್ತ್ರಿ.

ಮೊದಲು ಎಲ್ಲರೂ ನಕ್ಕರು. ಆಮೇಲೆ ಸ್ಟೋರಿನವನು ಲೋಟ ಕೆಳಗಿಟ್ಟು ತಮ್ಮನ ಕಡೆ ತಿರುಗಿದ. "ಇಷ್ಟು ವರ್ಷ ನನ್ನ ಕಿವಿ ಮೇಲೆ ಹೂ ಇಟ್ಟಿದ್ದೀಯಲ್ಲಯ್ಯಾ! ಮಗಳ ಮದುವೆ ಮಾರನೇ ದಿನವೇ ನನ್ನನ್ನ ವಾಪಸ್ ಕರೆಸಿದೆಯಲ್ಲ. ಆ ತಾರೀಖೂ ಸುಳ್ಳೇನಾ?"

ತಮ್ಮ ನನ್ನ ಕಡೆ ನೋಡಿದ. ಅದೂ ಸುಳ್ಳೇ ಎಂದು ನನಗೂ ಗೊತ್ತಿತ್ತು.

ಮ್ಯಾನೇಜರಮ್ಮ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನಿಜದ ತಾರೀಖಿಗೆ ತಿದ್ದಿದರು. "ನಿಜ ಹೇಳಿದ್ರೆ ಯಾರೂ ಏಳಲ್ಲ ಮೇಡಂ" ಎಂದ ತಮ್ಮ. "ಅವರೇನು ಎಳೇ ಮಕ್ಕಳಾ?" ಎಂದರು. ತಿಂಗಳ ಕೊನೆಗೆ ಅವನು ಮನೆಯಲ್ಲಿದ್ದ.

ಚಾವಣಿ ಒಂಬತ್ತು ದಿನ ತಡವಾಯಿತು. ಫೋನು ಕಿರುಚುವುದು, ಹೆಬ್ಬೆರಳು ಅದನ್ನು ಒರೆಸಿಹಾಕುವುದು, ದಿನವೂ ನೋಡುತ್ತಿದ್ದೆ. ಮುಂದಿನ ಕೆಲಸ ತಿಂಗಳೇ ತಡವಾಯಿತು. ತಮ್ಮನಿಗೆ ಆಸೆ ಚಿಗುರಿತು. "ಈಗ ಗೊತ್ತಾಗಿರುತ್ತೆ ಅಕ್ಕಾ. ಸ್ಟೋರಿನವನು ಹಳಬ, ಮೇಡಂಗೆ ಒಂದು ಮಾತು ಹೇಳಲಿ" ಎಂದ.

ಹೋಗಿ ಕೇಳಿದೆ.

"ಹೇಳಬಹುದು ಅಕ್ಕಾ. ಕರೆದರೂ ಕರೆದಾರು" ಎಂದ ಸ್ಟೋರಿನವನು. ಕೋಪವೇನೂ ಇರಲಿಲ್ಲ. "ಆದ್ರೆ ಇನ್ನು ಅವನು ಯಾವ ತಾರೀಖು ಹೇಳಿದ್ರೂ ಯಾರು ನಂಬ್ತಾರೆ? ನೀವೇ ಹೇಳಿ."

ಸಂಜೆ ತಮ್ಮ ಬಾಗಿಲಲ್ಲೇ ನಿಂತಿದ್ದ. ಸ್ಟೋರಿನವನು ಇವತ್ತು ಸಿಗಲಿಲ್ಲ ಎಂದೆ. "ನಾಳೆ ಕೇಳು" ಎಂದ. ಹೂಂ ಎಂದೆ. ಹಾಗೆ ಎಷ್ಟು ನಾಳೆ ಹೇಳಿದೆನೋ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ.