ಪರೀಕ್ಷೆಗೆ ಮಾತ್ರ ದುಡಿದ ಸೂಚನೆ

ಸುಮಂಗಲಕ್ಕಾ, ಆ ದಿನ ನಾನು ನಿಮಗೆ ಸುಳ್ಳು ಹೇಳಿದೆ. ತಪ್ಪು ತಿಳಿವಳಿಕೆಯಲ್ಲ, ಅವಸರದಲ್ಲಿ ಬಾಯಿ ತಪ್ಪಿದ್ದೂ ಅಲ್ಲ — ಗೊತ್ತಿದ್ದೇ, ನಿಮ್ಮ ಮುಖ ನೋಡಿಕೊಂಡೇ ಹೇಳಿದ ಸುಳ್ಳು. ಅದನ್ನು ನಂಬಿ ನೀವು ನಿಮ್ಮ ಕೆಲಸವನ್ನು ಹಿಂದಕ್ಕೆ ತೆಗೆದುಕೊಂಡಿರಿ. ಆ ಜಾಗದಲ್ಲಿ ನಾನು ಕೂತೆ.

ಬಾಯಲ್ಲಿ ಹೇಳಲು ಹೊರಟರೆ ನಾನು ಅರ್ಧಕ್ಕೇ ನಿಲ್ಲಿಸುವವಳು. ನಿಮಗೆ ಅದು ಗೊತ್ತು. ಹಾಗಾಗಿ ಮೊದಲು ಪೂರ್ತಿ ಬರೆದಿಡುತ್ತಿದ್ದೇನೆ. ನಿಮಗೆ ತಿಳಿದಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನಿಮ್ಮ ಮಗಳು ಓದಿದರೂ ಅರ್ಥವಾಗಬೇಕು. ತಾಂತ್ರಿಕ ಮಾತುಗಳ ಹಿಂದೆ ನನ್ನ ತಪ್ಪು ಅಡಗಿ ಕೂರಬಾರದು.

ಮರಾಠಿ ಮಾತಿನ ಈ ಊರಲ್ಲಿ, ಹಡಪಸರದ ನಮ್ಮ ಆಫೀಸಿನಲ್ಲಿ, ನಾವು ಸಾಕಿ ಬೆಳೆಸುತ್ತಿದ್ದದ್ದು ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ. ಪ್ಯಾಕಿಂಗ್ ಯಂತ್ರ, ಹಾಲಿನ ಕೋಲ್ಡ್ ಸ್ಟೋರೇಜು — ಇಂಥ ಕಡೆ ಮೋಟರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಗಿರಾಕಿಗಳು ಅದರಲ್ಲಿ ಬರೆಯುತ್ತಾರೆ. ಬರೆದದ್ದು ಮೊದಲು ಚಿಕ್ಕ ಚಿಕ್ಕ ಸೂಚನೆಗಳ ಸಾಲಾಗುತ್ತದೆ, ಅದೇ ಬೈಟ್‌ಕೋಡ್. ಆ ಸೂಚನೆಗಳನ್ನು ಒಂದೊಂದಾಗಿ ಓದಿ ನಡೆಸುವುದು ಇಂಟರ್‌ಪ್ರಿಟರ್. ಅದು ನಿಧಾನವಾದರೆ ಯಂತ್ರಕ್ಕೆ ತಡವಾಗಿ ಎಚ್ಚರವಾಗುತ್ತದೆ, ಬೆಲ್ಟಿನ ಮೇಲೆ ಒಂದು ಪೊಟ್ಟಣ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಅದನ್ನು ಚುರುಕು ಮಾಡುವ ಕೆಲಸ ನಮ್ಮಿಬ್ಬರದಾಗಿತ್ತು. ನಿಮ್ಮದೊಂದು ದಾರಿ, ನನ್ನದೊಂದು.

ನಿಮ್ಮ ದಾರಿಯನ್ನು ನೀವು ನನಗೆ ವಿವರಿಸಿದ್ದು ಊಟದ ಹೊತ್ತಿನಲ್ಲಿ, ಟಿಫಿನ್ ಕ್ಯಾರಿಯರ್ ಬಿಚ್ಚುತ್ತಾ.

"ನೋಡವಾ, ಈಗ ನಮ್ಮ ಇಂಟರ್‌ಪ್ರಿಟರ್ ಹಿಂಗ ಅದ. ತಳದ ಡಬ್ಬಿ ಬೇಕಂದ್ರ ಮ್ಯಾಲಿನವು ಎಲ್ಲಾ ಇಳಸಬೇಕು, ಮತ್ತ ಏರಸಬೇಕು. ಅದರ ಬದಲಿ ಮಸಾಲಿ ಡಬ್ಬಿ ಹಂಗ ಮಾಡೋಣು. ಸಾಸಿವಿ ಎಲ್ಲದ, ಜೀರಗಿ ಎಲ್ಲದ, ಗೊತ್ತಿರ್ತದ. ಸೀದಾ ಕೈ ಹಾಕೋದು."

"ಅಷ್ಟು ಚೇಂಜ್ ಮಾಡೋಕೆ ಪೂರ್ತಿ ರೀರೈಟ್ ಮಾಡ್ಬೇಕಾಗತ್ತೆ ಅಕ್ಕ."

"ಮಾಡೋಣಂತ. ಮೈಸೂರಿನವರು ಭಾಳ ಲಗೂನ ದಣೀತೀರಿ," ಎಂದು ನಕ್ಕು ನನ್ನ ಚಪಾತಿಯ ಮೇಲೆ ಶೇಂಗಾ ಚಟ್ನಿ ಹಾಕಿದಿರಿ.

ಅವತ್ತೇ ನನಗೆ ಗೊತ್ತಾಗಿತ್ತು, ನಿಮ್ಮ ದಾರಿಯೇ ಸರಿ ಎಂದು.

ನನ್ನ ದಾರಿ ಸಣ್ಣದು. ಇದ್ದ ರಚನೆಯನ್ನೇ ಇಟ್ಟುಕೊಂಡು, ಮತ್ತೆ ಮತ್ತೆ ಒಟ್ಟಿಗೆ ಬರುವ ಸೂಚನೆಗಳನ್ನು ಬೆಸೆದು ಒಂದೇ ಸೂಚನೆ ಮಾಡುವುದು. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಯಾವುವು ಒಟ್ಟಿಗೆ ಬರುತ್ತವೆ ಎಂಬುದನ್ನು ಗಿರಾಕಿಗಳ ಪ್ರೋಗ್ರಾಮುಗಳಲ್ಲಿ ನೋಡಿ ಆರಿಸಬೇಕು. ನಾನೂ ಹಾಗೇ ಶುರು ಮಾಡಿದ್ದು — ಸಿಕ್ಕ ಲಾಭ ಅಷ್ಟಕ್ಕಷ್ಟೇ. ಎರಡೂ ದಾರಿಗಳನ್ನು ವೇಗ ಅಳೆಯುವ ಒಂದೇ ಪರೀಕ್ಷಾ ಪ್ರೋಗ್ರಾಮಿನ ಮೇಲೆ ಓಡಿಸಿ, ಗೆದ್ದದ್ದನ್ನು ಉಳಿಸಿಕೊಳ್ಳೋಣ ಎಂದು ನಮ್ಮ ಮೇಲಧಿಕಾರಿ ಜೋಶಿ ಸರ್ ಹೇಳಿದ್ದರು. ಆಗ ನಾನು ಆ ಪರೀಕ್ಷಾ ಪ್ರೋಗ್ರಾಮನ್ನೇ ತೆರೆದು ಕೂತೆ. ಅದರ ತೀರಾ ಒಳಗೆ, ಮತ್ತೆ ಮತ್ತೆ ಓಡುವ ಸುತ್ತಿನಲ್ಲಿ ಸೂಚನೆಗಳ ಒಂದು ವಿಚಿತ್ರ ಸಾಲಿತ್ತು. ಪರೀಕ್ಷೆಯ ಹೆಚ್ಚಿನ ಹೊತ್ತೆಲ್ಲ ಅದನ್ನೇ ತಿರುಗಿಸುವುದರಲ್ಲಿ ಕಳೆಯುತ್ತಿತ್ತು. ಆ ಸಾಲನ್ನು ಇದ್ದಂತೆಯೇ ಬೆಸೆದು ಒಂದು ಸೂಚನೆ ಮಾಡಿದೆ. ಪರೀಕ್ಷೆ ಹಾರುವಂತೆ ಓಡಿತು.

ಅಷ್ಟಕ್ಕೇ ನಿಂತಿದ್ದರೆ ಅತಿಯಾಸೆ ಎನ್ನಬಹುದಿತ್ತೇನೋ. ನಾನು ಇನ್ನೊಂದು ಕೆಲಸ ಮಾಡಿದೆ — ನಮ್ಮಲ್ಲಿದ್ದ ಗಿರಾಕಿಗಳ ಪ್ರೋಗ್ರಾಮುಗಳನ್ನೆಲ್ಲ ಹುಡುಕಿದೆ, ಆ ಸಾಲು ಎಲ್ಲಾದರೂ ಇದೆಯೇ ಎಂದು. ಒಂದರಲ್ಲೂ ಇರಲಿಲ್ಲ. ಹಾಗಾಗಿ, ನನಗೆ ಗೊತ್ತಿರಲಿಲ್ಲ ಎಂಬ ಮಾತು ನನಗೆ ದಕ್ಕುವುದಿಲ್ಲ.

ಫಲಿತಾಂಶ ತೋರಿಸಿದ ದಿನ ಸರಿಯಾದ ಪ್ರಶ್ನೆ ಕೇಳಿದವರು ನೀವೊಬ್ಬರೇ.

"ಈ ಜೋಡಣಿ ಗಿರಾಕಿಗಳ ಪ್ರೋಗ್ರಾಮಿನ್ಯಾಗ ಬರ್ತದೇನು?"

"ತುಂಬಾ ಕಡೆ ಬರತ್ತೆ ಅಕ್ಕ. ನಾನೇ ಚೆಕ್ ಮಾಡಿದೀನಿ."

"ನೀ ನೋಡೀ ಅಂದ್ರ ಮುಗೀತು ಬಿಡು."

ನೀವು ಪರದೆಯ ಕಡೆ ಕೂಡ ನೋಡಲಿಲ್ಲ. ಜೋಶಿ ಸರ್ ಕಡೆ ತಿರುಗಿ, "ಹಿಚಂಚ್ ಘ್ಯಾ ಸರ್," ಎಂದಿರಿ — ಇವಳದ್ದೇ ತೆಗೆದುಕೊಳ್ಳಿ ಎಂದು, ನಿಮ್ಮ ತಂಗಿ ಗೆದ್ದಳೇನೋ ಎಂಬಂತೆ. ಮಸಾಲೆ ಡಬ್ಬಿ ಅಲ್ಲಿಗೆ ಮುಚ್ಚಿತು.

ಆಮೇಲಿನದು ನಿಮಗೆ ಗೊತ್ತು. ನಾನು ತಂಡದ ಮುಖ್ಯಸ್ಥೆಯಾದೆ; ನಿಮ್ಮನ್ನು ಗಿರಾಕಿಗಳ ದೂರು ಕೇಳುವ ಮೇಜಿಗೆ ಕಳಿಸಿದರು. ಇಂಟರ್‌ಪ್ರಿಟರ್ ಬರೆಯಬೇಕಾಗಿದ್ದವರು, ಅದು ಯಾಕೆ ನಿಧಾನ ಎಂದು ಬೈಯುವವರಿಗೆ ಸಮಾಧಾನ ಹೇಳುತ್ತಾ ಕೂತಿರಿ. ಹೆಚ್ಚಾಗಿ ಮರಾಠಿಯಲ್ಲಿ, ಬೆಳಗಾವಿ ಕಡೆಯವರಾದರೆ ಕನ್ನಡದಲ್ಲಿ. "ಹೌದ್ರಿ, ತಡಾ ಆಗ್ಲಿಕತ್ತದ, ಗೊತ್ತದ್ರಿ. ಸ್ವಲ್ಪ ತಾಳ್ರಿ. ನಮ್ಮ ಹುಡುಗಿ ಭಾಳ ಶಾಣ್ಯಾಕಿ ಇದ್ದಾಳ, ಸರಿ ಮಾಡ್ತಾಳ." ನನ್ನ ಮೇಜು ದೂರವೇನಿರಲಿಲ್ಲ. ಕೇಳಿಸುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುವ ಅಭ್ಯಾಸ ನನಗೆ ಶುರುವಾದದ್ದು ಆಗ — ಹಾಡಿಗಾಗಿ ಎಂದು ನೀವು ತಿಳಿದಿದ್ದಿರಿ.

ಮತ್ತೆ ಆ ಬಸ್ಸು. ನೀವು ಶಿವಾಜಿನಗರದಲ್ಲಿ ಹತ್ತುವವರು, ನಾನು ಮುಂದಿನ ಸ್ಟಾಪಿನಲ್ಲಿ. ಲೇಡೀಸ್ ಸೀಟಿನಲ್ಲಿ ನಿಮ್ಮ ಪಕ್ಕದ ಜಾಗಕ್ಕೆ ಬ್ಯಾಗು ಇಟ್ಟು ನನಗಾಗಿ ಹಿಡಿದಿರುತ್ತೀರಿ. ಯಾರಾದರೂ ರೇಗಿದರೆ ಬರುವವರಿದ್ದಾರೆ ಎಂದು ಜಗಳಕ್ಕೂ ನಿಲ್ಲುತ್ತೀರಿ. ಇಷ್ಟು ವರ್ಷ ಆ ಜಾಗದಲ್ಲಿ ಕೂತು ಬಂದಿದ್ದೇನೆ. ಪ್ರತಿ ಬೆಳಿಗ್ಗೆ ಇವತ್ತು ಹೇಳಬೇಕು ಎಂದುಕೊಂಡೆ ಎಂದರೆ ಅದೂ ಸುಳ್ಳಾಗುತ್ತದೆ. ಎಷ್ಟೋ ದಿನ ನೆನಪೇ ಆಗಲಿಲ್ಲ.

ಹೋದ ವಾರ ಅನಿಕೇತ್ ಪರೀಕ್ಷಾ ಪ್ರೋಗ್ರಾಮನ್ನು ಓದಲು ಸಲೀಸಾಗಲಿ ಎಂದು ಎರಡು ಸಾಲು ಆಚೀಚೆ ಮಾಡಿದ. ನಮ್ಮ ತಂಡದಲ್ಲಿ ಅಷ್ಟು ಅಚ್ಚುಕಟ್ಟು ಅವನೊಬ್ಬನೇ. ಲೆಕ್ಕದ ಉತ್ತರ ಬದಲಾಗಲಿಲ್ಲ, ವೇಗ ಮಾತ್ರ ಕುಸಿದುಬಿತ್ತು.

"ಕಾಯ್ ರೇ ಅನಿಕೇತ್, ಎರಡು ಸಾಲು ಅಲ್ಲಾಡಿಸಿ ಭಾಷೆಗೇ ಲಕ್ವ ಹೊಡೆಸಿದೆಯಲ್ಲ!" ಎಂದು ಸಭೆಯಲ್ಲಿ ಜೋಶಿ ಸರ್ ಮರಾಠಿಯಲ್ಲಿ ಕಾಲೆಳೆದರು.

"ನಾನು ಕಸ ಗುಡಿಸಿದ್ದಷ್ಟೇ ಸರ್, ಗೋಡೆ ಬೀಳುತ್ತದೆ ಅಂತ ಯಾರಿಗೆ ಗೊತ್ತು?"

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಸರ್ ನಗದೆ ಹೇಳಿದರು — ಅವನು ಕೆಡಿಸಿದ್ದನ್ನು ಅವನೇ ಕಂಡುಹಿಡಿಯಲಿ, ಅಲ್ಲಿಯವರೆಗೆ ಹೊಸ ಆವೃತ್ತಿ ಹೊರಗೆ ಹೋಗುವುದಿಲ್ಲ. ಅವನು ಏನನ್ನೂ ಕೆಡಿಸಿರಲಿಲ್ಲ. ಸಾಲುಗಳ ಕ್ರಮ ಬದಲಾದ್ದರಿಂದ ನನ್ನ ಬೆಸುಗೆಗೆ ಹೊಂದುವ ಆ ಸೂಚನೆಗಳ ಸರಣಿಯೇ ಅಲ್ಲಿ ಉಳಿದಿರಲಿಲ್ಲ, ಅಷ್ಟೇ. ಇದು ಗೊತ್ತಿದ್ದವಳು ನಾನೊಬ್ಬಳು, ಸುಮ್ಮನೆ ಕೂತಿದ್ದೆ.

ದೂರಿನ ಮೇಜಿನ ಪರವಾಗಿ ಬಂದಿದ್ದ ನೀವು ಮೂಲೆಯಿಂದ ಕೇಳಿದಿರಿ, "ಗಿರಾಕಿಗಳವು ಏನಾರ ಸ್ಲೋ ಆಗ್ಯಾವೇನು?"

ಇಲ್ಲ ಎಂದ ಅನಿಕೇತ್.

"ಹಂಗಾದ್ರ ಭಾಷಾ ಸ್ಲೋ ಆಗಿಲ್ಲ ಬಿಡ್ರಿ."

ಯಾರೂ ಅದನ್ನು ಹಿಡಿದುಕೊಳ್ಳಲಿಲ್ಲ. ನೀವು ನನ್ನ ಕಡೆ ನೋಡಿದಿರೋ, ಗೋಡೆಯ ಗಡಿಯಾರದ ಕಡೆಯೋ — ನಾನು ತಲೆ ತಗ್ಗಿಸಿದ್ದೆ.

ಆಮೇಲೆ ಮಾಡಿದ್ದನ್ನೂ ಹೇಳಬೇಕು. ನನ್ನ ಮೇಜಿಗೆ ಮರಳಿ, ಹೊಸ ಕ್ರಮಕ್ಕೆ ಹೊಂದುವ ಇನ್ನೊಂದು ಬೆಸುಗೆಯ ಸೂಚನೆಯನ್ನು ಬರೆದೆ. ಓಡಿಸಿದೆ. ವೇಗ ವಾಪಸಾಯಿತು. ಒಳಗೆ ಸೇರಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಅನಿಕೇತ್ ನನಗೆ ಥ್ಯಾಂಕ್ಸ್ ಕೂಡ ಹೇಳುತ್ತಿದ್ದ. ಕೈ ಎಷ್ಟು ಸಲೀಸಾಗಿ ಆ ಕೆಲಸ ಮಾಡಿತೆಂದರೆ — ಮೊದಲ ಸಲ ಇದ್ದ ಅಳುಕೂ ಇರಲಿಲ್ಲ. ಆ ಸಲೀಸೇ ನನ್ನನ್ನು ಹೆದರಿಸಿತು. ಅಳಿಸಿ ಹಾಕಿದೆ. ಹಳೆಯದನ್ನೂ ನನ್ನ ಪ್ರತಿಯಿಂದ ಕಿತ್ತು, ಗಿರಾಕಿಗಳ ಪ್ರೋಗ್ರಾಮುಗಳನ್ನೆಲ್ಲ ಓಡಿಸಿ ನೋಡಿದೆ. ಎಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ.

ನಿಮ್ಮ ಹಳೆಯ ಕೆಲಸ ಇನ್ನೂ ಹಾಗೇ ಇದೆ, ಯಾರೂ ಅಳಿಸಿಲ್ಲ. ಈಗಿನ ಆವೃತ್ತಿಗೆ ಅದು ಹೊಂದಲಿಲ್ಲ. ಶನಿವಾರ, ಭಾನುವಾರ ಕೂತು ಹೊಂದಿಸಿದೆ. ಗಿರಾಕಿಗಳ ಪ್ರೋಗ್ರಾಮುಗಳು ಅದರ ಮೇಲೆ ಚುರುಕಾಗಿ ಓಡಿದವು — ದೂರು ಕೊಟ್ಟವರವೇ ಎಲ್ಲಕ್ಕಿಂತ ಚುರುಕಾಗಿ. ಅವತ್ತೇ ಯಾರಾದರೂ ಹೀಗೆ ಓಡಿಸಿದ್ದರೆ ಇದೇ ಕಾಣುತ್ತಿತ್ತು. ನಾನು ಓಡಿಸಗೊಡಲಿಲ್ಲ.

ನಾಳೆಯ ಸಭೆಯಲ್ಲಿ ಇದನ್ನೆಲ್ಲ ಹೇಳುತ್ತೇನೆ, ಅನಿಕೇತನ ಮುಂದೆ, ಎಲ್ಲರ ಮುಂದೆ. ಮುಖ್ಯಸ್ಥೆಯ ಕೆಲಸ ಬಿಡುತ್ತೇನೆ. ನಿಮ್ಮ ಫಲಿತಾಂಶವನ್ನು ನಿಮ್ಮ ಹೆಸರಿನಲ್ಲೇ ಸರ್ ಮುಂದಿಡುತ್ತೇನೆ. ಆ ಕೆಲಸವನ್ನು ನೀವು ಮತ್ತೆ ಕೈಗೆತ್ತಿಕೊಳ್ಳುವಿರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಫೋನು ಹಿಡಿದು ಕಳೆದ ನಿಮ್ಮ ವರ್ಷಗಳಿಗೆ ಕೊಡಲು ನನ್ನ ಬಳಿ ಏನೂ ಇಲ್ಲ, ಕ್ಷಮೆಯನ್ನೂ ಕೇಳುತ್ತಿಲ್ಲ.

ಆದರೆ ಸಭೆಗಿಂತ ಮುಂಚೆ ಬಸ್ಸು ಬರುತ್ತದೆ. ನನ್ನನ್ನು ಕಂಡ ಕೂಡಲೇ ನೀವು ಬ್ಯಾಗು ಎತ್ತಿ ಮಡಿಲಿಗೆ ತೆಗೆದುಕೊಳ್ಳುತ್ತೀರಿ. ನಾನು ಕೂರುವುದಿಲ್ಲ. ಕಂಬಿ ಹಿಡಿದು ನಿಂತೇ, ಮೊದಲ ವಾಕ್ಯದಿಂದ ಕೊನೆಯವರೆಗೆ ಹೇಳುತ್ತೇನೆ. ಈ ಹಾಳೆಗಳನ್ನು ಆಮೇಲೆ ಕೊಡುತ್ತೇನೆ. ಹೇಳಿ ಮುಗಿಸಿದ ಮೇಲೆ ನೀವು ಬ್ಯಾಗನ್ನು ಮತ್ತೆ ಆ ಜಾಗದಲ್ಲೇ ಇಟ್ಟರೆ — ಹಡಪಸರದವರೆಗೆ ನಿಂತೇ ಬರುತ್ತೇನೆ.